ಆ ಸೈಲೆನ್ಸರ್ ಕತ್ತರಿಸಬೇಡ ಮಾರಾಯ

ಚಿಕ್ಕಮಗಳೂರು
ಅಕ್ಟೋಬರ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಿನ್ನೆ ಆಲ್ದೂರಿಗೆ ಹೋಗಿ ನಿಮ್ಮ ಅಪ್ಪನ ಯಮಹಾ ಆರ್‌ಎಕ್ಸ್ 100 ಗಾಡಿ ತಂದೆ. ಅಮ್ಮ ಕೀ ಕೊಡುವಾಗ ಒಂದೇ ಮಾತು ಹೇಳಿದರು, "ಅವರು ದಿನಾ ಒರೆಸ್ತಿದ್ರು ಕಣಪ್ಪ" ಅಂತ. ಆಮೇಲೆ ಒಳಗೆ ಹೋಗಿಬಿಟ್ಟರು. ನಾನೊಬ್ಬನೇ ಕೊಟ್ಟಿಗೆಯಿಂದ ಗಾಡಿ ಹೊರಗೆ ತಳ್ಳಿದೆ.

ಎರಡು ಮಳೆಗಾಲ ನಿಂತಲ್ಲೇ ನಿಂತಿದೆ ಅಲ್ವಾ. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿದೆ. ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ಪೆಟ್ರೋಲಿನ ಹುಳಿ ವಾಸನೆ. ಹಿಂದಿನ ಚಕ್ರದ ಬ್ರೇಕ್ ಹಿಡಿದುಕೊಂಡು ಕೂತಿತ್ತು. ಕಿಕ್ಕರ್ ಮುಟ್ಟಲಿಲ್ಲ. ಗೂಡ್ಸ್ ಆಟೋಗೆ ಹತ್ತಿಸಿಕೊಂಡು ಬಂದೆ. ಈಗ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿದೆ.

ನೀನು ಕಳಿಸಿದ ಫೋಟೋ ನೋಡಿದೆ. ಹೊಳೆಯುವ ಚೇಂಬರ್ ಪೈಪು, ಅದೇ ರೇಸ್ ಗಾಡಿಯ ಉಬ್ಬಿದ ಸೈಲೆನ್ಸರ್, ಚೆನ್ನಾಗಿಯೇ ಕಾಣುತ್ತೆ. "ಇದನ್ನೇ ಹಾಕಿಸೋಣ, ಇಲ್ಲಾಂದ್ರೆ ಹಳೇ ಸೈಲೆನ್ಸರ್ ಕತ್ತರಿಸಿ ಒಳಗಿನದ್ದೆಲ್ಲ ತೆಗೆಸು, ಸೌಂಡ್ ಬರಲಿ" ಅಂತ ಬರೆದಿದ್ದೀಯ. ಗೆಳೆಯಾ, ಬೇಡ. ಎರಡೂ ಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬಿಟ್ಟುಹೋಗುತ್ತೆ. ಅದಕ್ಕೇ ಈ ಪತ್ರ.

ಚಾರ್ಮಾಡಿ ನೆನಪಿದೆಯಾ? ನಾನು ನನ್ನ ಗಾಡಿಯ ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಎಸೆದಿದ್ದೆ. ಏರ್ ಫಿಲ್ಟರ್ ಬಿಚ್ಚಿದ್ದೆ. ಆಯಿಲ್ ಪಂಪು ತೆಗೆಸಿ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸುತ್ತಿದ್ದೆ, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಕಾರ್ಬೊರೇಟರ್‌ನ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಅದನ್ನು ಮಾತ್ರ ಬದಲಿಸಿರಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಕೈಮುಗಿದು, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದೆವು. ಘಾಟಿ ಮುಗಿದು ಕಕ್ಕಿಂಜೆ ಕಡೆ ನೇರ ರಸ್ತೆ ಸಿಕ್ಕಿತು ಅಂತ ಒಮ್ಮೆಲೇ ತಿರುಪಿದೆ. ಎಂಜಿನ್ ಕಿರ್ ಅಂದು ಹಿಡಿದುಕೊಂಡಿತು. ಹಿಂದಿನ ಚಕ್ರ ಲಾಕ್. ನೀನು ಹಿಂದೆ ಕೂತಿದ್ದೆ. ನಿನ್ನ ಮೊಣಕೈ ಕಲೆ ಈಗಲೂ ಇದೆ. ಆ ಹೊತ್ತಿಗೆ ಎದುರಿನಿಂದ ಬಸ್ಸು ಬಂದಿದ್ದರೆ ಅನ್ನುವುದನ್ನು ನಾನು ಇವತ್ತಿಗೂ ಯೋಚನೆ ಮಾಡುತ್ತೇನೆ. ಮೂಡಿಗೆರೆಗೆ ಹೊರಟಿದ್ದ ಖಾಲಿ ಲಾರಿಯವರು ನಮ್ಮನ್ನೂ ಗಾಡಿಯನ್ನೂ ಹತ್ತಿಸಿಕೊಂಡರು.

ಆವತ್ತು ಅದು ಗ್ರಹಚಾರ ಅಂದುಕೊಂಡಿದ್ದೆವು. ಅಲ್ಲ, ನಾನೇ ಮಾಡಿದ್ದು. ಪೆಟ್ರೋಲಿನಲ್ಲೇ ಆಯಿಲ್ ಇದ್ದಾಗ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಒಳಗೆ ಹೆಚ್ಚು ಹೋಗಲ್ಲ. ಅದರ ಜೊತೆ ಆಯಿಲೂ ಹೆಚ್ಚು ಹೋಗಲ್ಲ. ಆದರೆ ಇಳಿಜಾರಿನಲ್ಲಿ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತೆ. ಪಿಸ್ಟನ್ ಒಣಗಿದ ಗೋಡೆಗೆ ಉಜ್ಜುತ್ತೆ. ಅದರ ಮೇಲೆ ಸೈಲೆನ್ಸರ್ ಖಾಲಿ, ಫಿಲ್ಟರ್ ಇಲ್ಲ, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಘಾಟಿ ಇಳಿದ ಹಾಗೆ ಗಾಳಿ ಇನ್ನೂ ದಟ್ಟ ಆಗುತ್ತೆ, ಅಂದರೆ ಪೆಟ್ರೋಲಿನ ಪಾಲು ಇನ್ನೂ ಕಡಿಮೆ. ಅಷ್ಟಾದ ಮೇಲೆ ಪೂರ್ತಿ ತಿರುಪಿದರೆ ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳದೆ ಇನ್ನೇನು ಮಾಡುತ್ತೆ?

ಈಗ ಸೈಲೆನ್ಸರ್ ವಿಷಯ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಹೊಗೆ ಹೋಗುವ ಬಾಗಿಲಿಗೆ ವಾಲ್ವ್ ಇದೆ. ನಮ್ಮ ಆರ್‌ಎಕ್ಸ್ 100 ಟೂ ಸ್ಟ್ರೋಕ್, ಅದರಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಒಂದು ಕಿಂಡಿ, ಪಿಸ್ಟನ್ ಕೆಳಗೆ ಬಂದಾಗ ತೆರೆಯುತ್ತೆ, ಮೇಲೆ ಹೋದಾಗ ಮುಚ್ಚುತ್ತೆ. ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವಾಗಲೂ ಆ ಕಿಂಡಿ ತೆರೆದೇ ಇರುತ್ತೆ. ಹೊಗೆಯ ಹಿಂದೆ ಹೊಸದೂ ಒಂದಿಷ್ಟು ಹೊರಗೆ ಓಡುತ್ತೆ. ಅದನ್ನು ತಡೆಯುವವರು ಯಾರು? ಸೈಲೆನ್ಸರ್.

ಬಾವಿಯೊಳಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುತ್ತಲ್ಲ, ಹಾಗೇ ಇದು. ಕಿಂಡಿ ತೆರೆದ ಕೂಡಲೇ ಒತ್ತಡದ ಅಲೆ ಪೈಪಿನಲ್ಲಿ ಓಡುತ್ತೆ. ಪೈಪು ಅಗಲ ಆಗುವ ಜಾಗದಿಂದ ಎಳೆಯುವ ಅಲೆ ವಾಪಸ್ ಬಂದು ಹೊಗೆಯನ್ನು ಎಳೆದುಕೊಳ್ಳುತ್ತೆ. ಮತ್ತೆ ಸಣ್ಣ ಆಗುವ ಜಾಗದಿಂದ ತಳ್ಳುವ ಅಲೆ ಬಂದು, ಓಡಿಹೋಗಲು ಹೊರಟ ಹೊಸ ಪೆಟ್ರೋಲನ್ನು ಕಿಂಡಿ ಮುಚ್ಚುವ ಮೊದಲು ಸಿಲಿಂಡರಿಗೇ ನೂಕುತ್ತೆ. ಆರ್‌ಎಕ್ಸ್ 11 ಎಚ್‌ಪಿ ಕೊಡುವುದು 7500 ಆರ್‌ಪಿಎಂನಲ್ಲಿ. ಅಂದರೆ ಸೆಕೆಂಡಿಗೆ 125 ಸುತ್ತು. ಪ್ರತಿ ಸುತ್ತಿನಲ್ಲೂ ಆ ಅಲೆ ಹೋಗಿ ಸರಿಯಾದ ಹೊತ್ತಿಗೆ ವಾಪಸ್ ಬರಬೇಕು. ಪೈಪು ಎಷ್ಟು ಉದ್ದ, ಎಲ್ಲಿ ದಪ್ಪ, ಎಲ್ಲಿ ಸಣ್ಣ ಅನ್ನುವುದೆಲ್ಲ ಈ ಲೆಕ್ಕಕ್ಕೇ ಇರುವುದು. ಹೊರಗಿನಿಂದ ಸುಮ್ನೆ ಕಬ್ಬಿಣದ ಡಬ್ಬಿ ಥರ ಕಾಣುತ್ತೆ. ಅದು ಎಂಜಿನ್ನಿನದೇ ಒಂದು ಭಾಗ.

ಈ ಅಲೆಯನ್ನು ಪಳಗಿಸಿದವರ ಕತೆ ನಿನಗೆ ಹೇಳಲೇಬೇಕು. ಪೂರ್ವ ಜರ್ಮನಿಯಲ್ಲಿ ಎಂಝಡ್ ಅನ್ನುವ ಕಂಪನಿ ಇತ್ತು. ಅಲ್ಲಿನ ಇಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ರೇಸ್ ಗಾಡಿಗಳಲ್ಲಿ ಈ ಅಲೆಯ ಮೇಲೆಯೇ ಕೆಲಸ ಮಾಡಿದ. ದುಡ್ಡಿಲ್ಲ, ಒಳ್ಳೆಯ ಲೋಹ ಸಿಗಲ್ಲ, ಆದರೂ ಆ ಪುಟ್ಟ ಟೂ ಸ್ಟ್ರೋಕ್‌ಗಳು ದೊಡ್ಡ ಕಂಪನಿಗಳಿಗೆ ಬೆವರಿಳಿಸಿದವು. ಅವನ ರೈಡರ್ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ ರೇಸಿಗೆ ಹೋದವನು ವಾಪಸ್ ಬರಲೇ ಇಲ್ಲ. ಸುಝುಕಿ ಸೇರಿಕೊಂಡ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದ್ದರು. ಮುಂದಿನ ವರ್ಷವೇ, 1962ರಲ್ಲಿ, ಸುಝುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಬಂತು. ಓಡಿಸಿದವನು ಅವನೇ. ಕಾಡೆನ್ ಬಗ್ಗೆ ಯೋಚಿಸಿದರೆ ನನಗೆ ತುಂಬ ಬೇಜಾರಾಗುತ್ತೆ. ಜೀವಮಾನದ ಕೆಲಸ ಒಬ್ಬನ ತಲೆಯೊಳಗೆ ಕೂತು ಜಪಾನಿಗೆ ಹೋಯಿತು.

ನಮ್ಮ ಆರ್‌ಎಕ್ಸ್‌ನದು ಆ ರೇಸ್ ಪೈಪಿನಷ್ಟು ಉಬ್ಬಿದ್ದಲ್ಲ, ಆದರೆ ಅಲೆಯ ಲೆಕ್ಕ ಅದೇ. ಅದನ್ನು ಕತ್ತರಿಸಿ ಒಳಗೆ ಖಾಲಿ ಮಾಡಿದರೆ ಸದ್ದು ಬರುತ್ತೆ, ಎಳೆತ ಹೋಗುತ್ತೆ. ನೀನು ಕಳಿಸಿದ ಚೇಂಬರ್ ಪೈಪು ಹಾಕಿದರೆ ಎಳೆತ ಎಲ್ಲ ಮೇಲಿನ ಆರ್‌ಪಿಎಂಗೆ ಓಡುತ್ತೆ. ಅದಕ್ಕೆ ತಕ್ಕ ಹಾಗೆ ಜೆಟ್, ಸಿಲಿಂಡರಿನ ಕಿಂಡಿ ಎಲ್ಲ ಬದಲಿಸಬೇಕು. ರೇಸಿನಲ್ಲಿ ಸರಿ. ಕೈಮರದಿಂದ ಸೀತಾಳಯ್ಯನಗಿರಿಗೆ ಇಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ ಬೇಕಾದ್ದು ಕೆಳಗಿನ ಎಳೆತ. ಆರ್‌ಎಕ್ಸ್‌ಗೆ ಇರುವುದೇ ನಾಲ್ಕು ಗೇರು.

ಇನ್ನೊಂದು ಸಿಕ್ಕಿದೆ. ಸೈಡ್ ಬಾಕ್ಸ್ ತೆಗೆದರೆ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಟ್ಟ ಪಾಕೆಟ್ ಪುಸ್ತಕ. ಅಪ್ಪನ ಅಕ್ಷರ. 1992ರಲ್ಲಿ ಗಾಡಿ ತಂದ ದಿನದಿಂದ ಶುರು. ಪ್ಲಗ್ಗು ಬದಲಾಯಿಸಿದ್ದು, ಕೇಬಲ್ ಹಾಕಿಸಿದ್ದು, ಬ್ರೇಕ್ ಲೈನರ್, ಎಲ್ಲದಕ್ಕೂ ತಾರೀಖು ಇದೆ. ಆರು ತಿಂಗಳಿಗೊಮ್ಮೆ ತಪ್ಪದೆ ಒಂದು ಸಾಲು: "ಸೈಲೆನ್ಸರ್ ಕ್ಲೀನ್, ಬಚ್ಚಲ ಒಲೆ." ನನಗೆ ಕೂಡಲೇ ನೆನಪಾಯಿತು. ಅವರು ಹಿಂದಿನ ಬೋಲ್ಟ್ ಬಿಚ್ಚಿ ಒಳಗಿನ ತೂತಿನ ಕೊಳವೆ ಎಳೆದು, ಬಚ್ಚಲ ಒಲೆಯ ಕೆಂಡದಲ್ಲಿ ಇಡುತ್ತಿದ್ದರು. ಮಸಿಯೆಲ್ಲ ಸುಟ್ಟು ಬೂದಿ ಆಗುತ್ತಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಹಾಕುತ್ತಿದ್ದರು. ನಾವಿಬ್ಬರೂ ಸ್ನಾನಕ್ಕೆ ಕಾಯುತ್ತಾ ನಿಂತು ನೋಡಿದ್ದೇವೆ. ಟೂ ಸ್ಟ್ರೋಕ್‌ನಲ್ಲಿ ಆಯಿಲೂ ಪೆಟ್ರೋಲಿನ ಜೊತೆ ಉರಿಯುತ್ತೆ, ಅದರ ಮಸಿ ಕೊಳವೆಯ ತೂತುಗಳಲ್ಲಿ ಕಟ್ಟುತ್ತೆ, ಗಾಡಿ ಉಸಿರು ಕಟ್ಟಿದ ಹಾಗೆ ಆಡುತ್ತೆ. ಆಗ ಜನ ಸೈಲೆನ್ಸರ್ ಹೋಯಿತು ಅಂತ ಬದಲಿಸುತ್ತಾರೆ. ಅಪ್ಪ ಒಂದೇ ಸೈಲೆನ್ಸರನ್ನು ಮೂವತ್ತು ವರ್ಷ ನಡೆಸಿದ್ದಾರೆ ಮಾರಾಯ. ಅದನ್ನು ಗುಜರಿಗೆ ಕೊಡಲು ನನ್ನ ಕೈಲಿ ಆಗಲ್ಲ.

ಕೆಲಸ ಹೇಗೆ ಮಾಡಬೇಕು ಅಂತ ಯೋಚಿಸಿದ್ದೇನೆ. ಮೊದಲು ಟ್ಯಾಂಕು. ಈಗ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತೆ. ಎಥೆನಾಲ್ ನೀರು ಹೀರುತ್ತೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ಕೇಳಬೇಕಾ? ನೀರು ತಳಕ್ಕೆ ಕೂತು ಟ್ಯಾಂಕಿಗೆ ತುಕ್ಕು ಹಿಡಿಯುತ್ತೆ. ಆ ಕಾಲದ ರಬ್ಬರ್ ವಾಷರ್‌ಗಳೂ ಇದಕ್ಕೆ ತಡೆಯಲ್ಲ. ಹಾಗಾಗಿ ಟ್ಯಾಂಕ್ ತೊಳೆದು, ಪೆಟ್ರೋಲ್ ಕಾಕ್, ಪೈಪು, ಕಾರ್ಬೊರೇಟರಿನ ಫ್ಲೋಟ್ ಸೂಜಿ ಎಲ್ಲ ಹೊಸದು. ಇನ್ನು ಮೇಲೆ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬೊರೇಟರಿನ ತಳದ ಬಟ್ಟಲು ಖಾಲಿ ಮಾಡಿಯೇ ನಿಲ್ಲಿಸಬೇಕು.

ಆಮೇಲೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡು ಆಯಿಲ್ ಸೀಲು. ಟೂ ಸ್ಟ್ರೋಕ್‌ನ ಜೀವ ಇರುವುದೇ ಇಲ್ಲಿ. ಇವು ಹತ್ತಿಪ್ಪತ್ತು ರೂಪಾಯಿಯ ಸಾಮಾನಿನ ಹಾಗೆ ಕಾಣುತ್ತವೆ, ಆದರೆ ಮ್ಯಾಗ್ನೆಟ್ ಕಡೆಯ ಸೀಲು ಒಣಗಿ ಬಿರುಕು ಬಿಟ್ಟರೆ ಅಲ್ಲಿಂದ ಗಾಳಿ ನುಗ್ಗುತ್ತೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಬೇಗ ಇಳಿಯಲ್ಲ, ರೊಂಯ್ ಅಂತ ನಿಲ್ಲುತ್ತೆ. ಅದು ಸೀಜ್ ಆಗುವ, ಅಂದರೆ ಎಂಜಿನ್ ಹಿಡಿದುಕೊಳ್ಳುವ, ಮುನ್ಸೂಚನೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಎಳೆದುಕೊಂಡು ಬಿಳಿ ಹೊಗೆ ಕಾರುತ್ತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಎರಡನ್ನೂ ನಂಬಬಾರದು. ಅದಕ್ಕೇ ನಿನ್ನೆ ಕಿಕ್ಕರ್ ಮುಟ್ಟಲಿಲ್ಲ.

ಆಯಿಲ್ ಪಂಪು ತೆಗೆಸುವುದಿಲ್ಲ. ಎಂಜಿನ್ ವೇಗಕ್ಕೂ ಆಕ್ಸಿಲರೇಟರಿಗೂ ತಕ್ಕ ಹಾಗೆ ಆಯಿಲ್ ಕೊಡುವ ಆ ಪಂಪನ್ನು ಯಮಹಾದವರು ಆಟೋಲ್ಯೂಬ್ ಅಂತ ಕರೆದರು. ಪಂಪು ಇದ್ದರೂ ಆಕ್ಸಿಲರೇಟರ್ ಬಿಟ್ಟಾಗ ಬರುವ ಆಯಿಲ್ ಕಡಿಮೆಯೇ, ಆದರೂ ಅದು ಪೆಟ್ರೋಲಿಗೆ ಕಟ್ಟುಬಿದ್ದಿಲ್ಲ. ಇಷ್ಟು ದಿನ ನಿಂತಿದೆ ಅಂದರೆ ಆಯಿಲ್ ಪೈಪಿನಲ್ಲಿ ಗಾಳಿ ತುಂಬಿರುತ್ತೆ. ಗಾಳಿ ತೆಗೆದು, ಮೊದಲ ಟ್ಯಾಂಕಿಗೆ ಸ್ವಲ್ಪ 2ಟಿ ಬೆರೆಸಿಯೇ ಚಾಲೂ ಮಾಡುತ್ತೇನೆ. ಘಾಟಿ ಇಳಿಯುವಾಗ ಮಧ್ಯೆ ಮಧ್ಯೆ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡುವುದನ್ನು ನೀನೂ ರೂಢಿ ಮಾಡಿಕೊ. ಒದ್ದೆ ಡ್ರಮ್ ಬ್ರೇಕನ್ನೇ ನಂಬಿ ನ್ಯೂಟ್ರಲ್‌ನಲ್ಲಿ ಇಳಿಯುವ ಹಾಗಿಲ್ಲ ಅಂತ ನಿನಗೆ ಗೊತ್ತೇ ಇದೆ.

ಪ್ಲಗ್ಗಿನ ಬಣ್ಣ ನೋಡುವುದನ್ನು ಅಪ್ಪನೇ ನನಗೆ ಕಲಿಸಿದ್ದು. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಇದ್ದರೆ ಸರಿ. ಸೀದ ಬೀಜದ ಹಾಗೆ ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿ ಇದ್ದರೆ ಗಾಡಿ ನಿಲ್ಲಿಸು, ಪೆಟ್ರೋಲ್ ಸಾಲುತ್ತಿಲ್ಲ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಗಾಳಿ ತೆಳುವಾಗಿ ಪ್ಲಗ್ಗು ಕಪ್ಪಾಗುತ್ತೆ, ಅದಕ್ಕೆ ಗಾಬರಿ ಬೇಡ. ಉಜಿರೆ ಕಡೆ ಇಳಿದಾಗ ಬಿಳಿಯಾದರೆ ಗಾಬರಿ ಆಗಬೇಕು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲಿದೆ, ಅಮ್ಮನ ಹೆಸರಿಗೋ ನಿನ್ನ ಹೆಸರಿಗೋ ಮಾಡಿಸಬೇಕು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಬೇಕಲ್ಲ, ಅದೂ ಬಾಕಿ ಇದೆ. ಕಂಪನಿಯಿಂದ ಬಂದ ಹಾಗೆ ಇದ್ದರೆ ಆರ್‌ಟಿಒದಲ್ಲಿ ಮಾತೇ ಇಲ್ಲ. ಮೂಲ ರೂಪ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಬದಲಾವಣೆಯೇ ಬೇಡ ಅನ್ನುವವನು ನಾನಲ್ಲ. ಒಳ್ಳೆಯ ಟಯರ್ ಹಾಕೋಣ. ವೈರಿಂಗ್ ಪೂರ್ತಿ ಹೊಸದು. ಹೆಡ್‌ಲೈಟ್ ಮಂಜಿನಲ್ಲಿ ಏನೂ ಸಾಲಲ್ಲ, ಅದಕ್ಕೊಂದು ದಾರಿ ಹುಡುಕುತ್ತೇನೆ. ಇವೆಲ್ಲ ಬೇಕು ಅನಿಸಿದರೆ ಬಿಚ್ಚಿ ಮತ್ತೆ ಹಳೇದು ಹಾಕಬಹುದು. ಕತ್ತರಿಸಿದ ಸೈಲೆನ್ಸರನ್ನು ಹಾಗೆ ಮಾಡಲು ಆಗಲ್ಲ. ಆರ್‌ಎಕ್ಸ್ 100 ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. ಕಂಪನಿಯ ಸೈಲೆನ್ಸರ್ ಇರುವ ಗಾಡಿ ಈ ಊರಿನಲ್ಲಿ ಹುಡುಕಿದರೆ ಈಗ ಎಷ್ಟು ಸಿಗುತ್ತೆ ಹೇಳು. ನಾವು ಹುಡುಗರಾಗಿದ್ದಾಗ ಸುಝುಕಿ, ಕವಾಸಕಿ, ಹೀರೋ ಹೋಂಡಾ, ಯಮಹಾ ಎಲ್ಲವನ್ನೂ ಕಣ್ಣು ಮುಚ್ಚಿ ಸದ್ದಿನಲ್ಲೇ ಗುರುತಿಸುತ್ತಿದ್ದೆವು. ಸಂಜೆ ಗೇಟಿನ ಹತ್ತಿರ ಅಪ್ಪನ ಗಾಡಿ ಎರಡನೇ ಗೇರಿಗೆ ಬೀಳುವ ಸದ್ದು ಕೇಳಿದರೆ ನೀನು ಕೇರಂ ಬೋರ್ಡ್ ಬಿಟ್ಟು ಪುಸ್ತಕ ಹಿಡಿಯುತ್ತಿದ್ದೆ. ಅಮ್ಮನಿಗೆ ಆ ಸದ್ದು ಇನ್ನೊಂದು ಸಲ ಕೇಳಿಸಬೇಕು ಅಂತ ನನಗೆ ಆಸೆ. ನೀನು ಕಳಿಸಿದ ಪೈಪಿನಲ್ಲಿ ಅದು ಬರಲ್ಲ.

ದೀಪಾವಳಿಗೆ ಬರುವಾಗ ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ಸಲ ಹೋಗಿ ಬಾ. ಕ್ರ್ಯಾಂಕ್ ಸೀಲು ಎರಡೂ ಕಡೆಯದು, ಡೂಪ್ಲಿಕೇಟ್ ಬೇಡ, ಇದ್ದರೆ ಹಳೇ ಸ್ಟಾಕ್ ಕೇಳು. ಆಯಿಲ್ ಪೈಪು, ಗ್ಯಾಸ್ಕೆಟ್ ಸೆಟ್ಟು. ಪಿಸ್ಟನ್ನಿಗೆ ಮೊದಲು ಅಪ್ಪನ ಪುಸ್ತಕ ನೋಡಿದೆ. ಬೋರು, ಅಂದರೆ ಸಿಲಿಂಡರಿನ ಒಳಗಿನ ಅಗಲ, 50 ಮಿ.ಮೀ. ಇದ್ದದ್ದನ್ನು 2008ರಲ್ಲಿ ಒಂದೇ ಸಲ 0.25 ಮಿ.ಮೀ. ಕೊರೆಸಿ ದೊಡ್ಡದು ಮಾಡಿಸಿದ್ದಾರೆ. ಇವತ್ತು ಹೆಡ್ ಬಿಚ್ಚಿ ನೋಡಿದರೆ ಗೋಡೆಯಲ್ಲಿ ಸಣ್ಣ ಗೀರು ಇವೆ. ಹಾಗಾಗಿ 0.50ರ ಪಿಸ್ಟನ್ನು, ರಿಂಗು ತಾ. ಪಿಸ್ಟನ್ ಕೈಗೆ ಬಂದ ಮೇಲೇ ಲೇತಿಗೆ ಕೊಡುತ್ತೇನೆ. ಸೈಲೆನ್ಸರಿನ ಕೊಳವೆ ಎಳೆದಿಟ್ಟಿದ್ದೇನೆ. ಅದನ್ನು ಆಲ್ದೂರಿನಲ್ಲೇ, ನಿಮ್ಮ ಬಚ್ಚಲ ಒಲೆಯಲ್ಲೇ ಸುಡೋಣ.

ನಿನ್ನ
ಚಿಕ್ಕಮಗಳೂರಿನ ಗೆಳೆಯ