ಫೆನ್‌ವೇ ಪಾರ್ಕ್‌ನ ಟಿಕೆಟ್ ಕಾಯ್ದಿರಿಸುವ ಮುನ್ನ

ಆತ್ಮೀಯ ಸದಸ್ಯರೇ,

ಬಾಸ್ಟನ್‌ನಲ್ಲಿ ಬೇಸ್‌ಬಾಲ್ ಪಂದ್ಯ ನೋಡಲು ಹೊರಟಿರುವವರು ದಯವಿಟ್ಟು ಗಮನಿಸಿ. 1912ರಲ್ಲಿ ಆರಂಭವಾದ ಫೆನ್‌ವೇ ಪಾರ್ಕ್ ಕ್ರೀಡಾಂಗಣದ ಗ್ರ್ಯಾಂಡ್‌ಸ್ಟ್ಯಾಂಡ್‌ನ (ಛಾವಣಿಯಿರುವ ಪ್ರೇಕ್ಷಕರ ಗ್ಯಾಲರಿ) ಛಾವಣಿಯನ್ನು ಇಂದಿಗೂ ಉಕ್ಕಿನ ಕಂಬಗಳೇ ಹೊತ್ತಿರುವುದರಿಂದ, ಕಂಬದ ಹಿಂದೆ ಕುಳಿತವರಿಗೆ ಪಿಚರ್ (ಚೆಂಡು ಎಸೆಯುವವರು) ಕಂಡರೆ ಬ್ಯಾಟರ್ ಕಾಣದೆ ಹೋಗಬಹುದು. ಮರದ ಕುರ್ಚಿಗಳು ಇಕ್ಕಟ್ಟಾಗಿವೆ; ಬಲಬದಿಯ ಕೆಲವು ಸಾಲುಗಳಲ್ಲಂತೂ ಬ್ಯಾಟರ್ ನಿಲ್ಲುವ ಜಾಗವಾದ ಹೋಮ್ ಪ್ಲೇಟ್ ನೋಡಲು ಕತ್ತು ಹೊರಳಿಸಿಯೇ ಇರಬೇಕು.

2020ರಲ್ಲಿ ತೆರೆದ, ಟೆಕ್ಸಾಸ್‌ನ ಗ್ಲೋಬ್ ಲೈಫ್ ಫೀಲ್ಡ್‌ನಂತಹ ಕ್ರೀಡಾಂಗಣಗಳಲ್ಲಿ ಈ ತೊಂದರೆಗಳಿಲ್ಲ. ಅಲ್ಲಿ ಸರಿಯುವ ಛಾವಣಿಯೂ ಹವಾನಿಯಂತ್ರಣವೂ ಇವೆ. ಆದರೆ ಕಂಬಗಳನ್ನು ತೆಗೆದುಹಾಕಿದರೆ ಮೇಲಂತಸ್ತನ್ನು ಸಾಮಾನ್ಯವಾಗಿ ಹಿಂದಕ್ಕೆ ಸರಿಸಬೇಕಾಗುತ್ತದೆ, ಹೀಗಾಗಿ ಅಗ್ಗದ ಟಿಕೆಟ್‌ನವರು ಆಟದಿಂದ ದೂರವಾಗುತ್ತಾರೆ. ಹಳೆಯ ಮೈದಾನದ ಇಕ್ಕಟ್ಟು ನಮ್ಮನ್ನು ಆಟಗಾರರ ಹತ್ತಿರವೇ ಕೂರಿಸುತ್ತದೆ ಎಂಬುದು ಸಣ್ಣ ಲಾಭವೇನಲ್ಲ.

ಎಡಬದಿಯ 37 ಅಡಿ ಎತ್ತರದ ಹಸಿರು ಗೋಡೆಯನ್ನು ತಪ್ಪದೆ ನೋಡಿ. ಅದರಾಚೆಗೇ ಲ್ಯಾನ್ಸ್‌ಡೌನ್ ಬೀದಿ ಇದ್ದುದರಿಂದ ಮೈದಾನವನ್ನು ಹಿಗ್ಗಿಸಲಾಗದೆ ಗೋಡೆ ಮೇಲಕ್ಕೆ ಬೆಳೆಯಿತು. ಅದರೊಳಗೆ ನಿಂತ ಸಿಬ್ಬಂದಿ ಇಂದಿಗೂ ಸ್ಕೋರ್‌ಬೋರ್ಡ್‌ನ ಅಂಕಿಗಳ ಫಲಕಗಳನ್ನು ಕೈಯಿಂದಲೇ ಬದಲಿಸುತ್ತಾರೆ. 1992ರಲ್ಲಿ ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಕ್ರೀಡಾಂಗಣ ಇಂತಹ ಹಳೆಯ ಚೆಲುವನ್ನು ಬೇಕೆಂದೇ ಮರಳಿ ತಂದಿತು, ಚೆನ್ನಾಗಿಯೇ ತಂದಿತು. ಆದರೂ ಅನಿವಾರ್ಯತೆಯಿಂದ ಹುಟ್ಟಿದ ಸೊಟ್ಟತನವೇ ನನಗೆ ಹೆಚ್ಚು ಇಷ್ಟ.

ಆದ್ದರಿಂದ ಆಸನ ಆರಿಸುವಾಗ ನೋಟಕ್ಕೆ ಅಡ್ಡಿಯಿದೆ ಎಂಬ ಸೂಚನೆ ಇದೆಯೇ ಎಂದು ಮೊದಲು ಪರಿಶೀಲಿಸಿ, ಹಿರಿಯರು ಜೊತೆಗಿದ್ದರೆ ಮರದ ಕುರ್ಚಿಗಳ ಸಾಲನ್ನು ಬಿಟ್ಟುಬಿಡಿ.