ಪಣಜಿಯಲ್ಲಿರುವ ಸುಮಾಳಿಗೆ

ಡೊಂಬಿವಲಿ, ಭಾನುವಾರ ಬೆಳಿಗ್ಗೆ

ಪ್ರೀತಿಯ ಸುಮಾ,

ನಿನ್ನ ಪತ್ರ ಗುರುವಾರ ಬಂತು. ಮೊದಲ ಪುಟವನ್ನು ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹೊಸ ರೂಮು, ಸೋರುವ ಮಾಡು, ಮನೆ ಮಾಲಕಿಯ ಕೊಂಕಣಿ ಎಲ್ಲ ಕೇಳಿ ನಕ್ಕಳು. ಎರಡನೇ ಪುಟ ಓದಲಿಲ್ಲ. ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟೆ.

'ಇನ್ನೂ ಯಾರಿಗೂ ಗೊತ್ತಾಗಿಲ್ಲ ದೊಡ್ಡಪ್ಪ' ಅಂತ ಬರೆದಿದ್ದೀಯಲ್ಲ, ಆ ಸಾಲು. ಮೂರು ರಾತ್ರಿಯಿಂದ ನಿದ್ದೆ ಸರಿ ಬಂದಿಲ್ಲ.

ನಕ್ಷೆಯ ಡಿಗ್ರಿಯಿಂದ ಪೈಪ್‌ಲೈನಿನ ಉದ್ದ ಲೆಕ್ಕ ಹಾಕುವಾಗ ನೀನು ಮಾಡಿದ ತಪ್ಪೇನೋ ಅಂಥ ದೊಡ್ಡದಲ್ಲ. ಒಂದು ಡಿಗ್ರಿಗೆ 111 ಕಿಲೋಮೀಟರ್ ಅನ್ನುವುದು ಎಲ್ಲರಿಗೂ ಬಾಯಿಪಾಠ. ಫ್ರೆಂಚರು ಮೀಟರನ್ನು ಗೊತ್ತು ಮಾಡಿದ್ದೇ ಹಾಗೆ. ಧ್ರುವದಿಂದ ಭೂಮಧ್ಯರೇಖೆಗೆ ಒಂದು ಕೋಟಿ ಮೀಟರ್ ಅಂತ ಇಟ್ಟುಕೊಂಡರು. ಅದನ್ನು 90 ಡಿಗ್ರಿಗೆ ಹಂಚಿದರೆ 111 ಕಿಲೋಮೀಟರ್ ಚಿಲ್ಲರೆ. ಅಕ್ಷಾಂಶದ ಮಟ್ಟಿಗೆ, ಅಂದರೆ ಉತ್ತರ-ದಕ್ಷಿಣಕ್ಕೆ, ಈ ಲೆಕ್ಕ ಎಲ್ಲಿಗೆ ಹೋದರೂ ಹೆಚ್ಚುಕಮ್ಮಿ ಸರಿ. ನೀನು ರೇಖಾಂಶಕ್ಕೂ, ಅಂದರೆ ಪೂರ್ವ-ಪಶ್ಚಿಮಕ್ಕೂ, ಅದನ್ನೇ ಹಾಕಿದೆ.

ಇದನ್ನು ಬರೆಯುವಾಗ ಎದುರಿಗೆ ಪ್ಯಾಸೇಜಿನಲ್ಲಿ ನನ್ನ ಹಳೇ ಕೊಡೆ ಬಿಚ್ಚಿ ಒಣಗಲು ಇಟ್ಟಿದೆ. ಎಂಟು ಕಡ್ಡಿ, ಎಂಟೂ ಒಂದೇ ಉದ್ದ. ಆದರೆ ಕಡ್ಡಿ ಕಡ್ಡಿಯ ನಡುವಿನ ಬಟ್ಟೆ ಅಂಚಿನಲ್ಲಿ ಮೊಳದಷ್ಟು ಅಗಲ, ತುದಿ ಹತ್ತಿರ ಬೆರಳು ತೂರುವುದೂ ಕಷ್ಟ. ರೇಖಾಂಶದ ಕತೆಯೂ ಇಷ್ಟೇ. ಭೂಮಧ್ಯರೇಖೆಯಲ್ಲಿ 111.3 ಕಿಲೋಮೀಟರ್. ಮೇಲೆ ಹೋದ ಹಾಗೆ ಅಲ್ಲಿನ ಅಕ್ಷಾಂಶದ ಕೊಸೈನಿನಿಂದ ಗುಣಿಸುತ್ತ ಹೋಗಬೇಕು. ನಿನ್ನ ಪಣಜಿ 15.5 ಡಿಗ್ರಿ, ಅಲ್ಲಿ 107 ಚಿಲ್ಲರೆ. ನಮ್ಮ ಡೊಂಬಿವಲಿಯಲ್ಲಿ 105. ಅರವತ್ತನೇ ಡಿಗ್ರಿಯಲ್ಲಿ ಅರ್ಧಕ್ಕರ್ಧ.

ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ನಿನ್ನ ನಾಲ್ಕು ಕಿಲೋಮೀಟರ್ ಪೈಪ್‌ಲೈನು ಕಾಗದದ ಮೇಲೆ ಸುಮಾರು 4,140 ಮೀಟರ್ ಆಗಿ ಕೂತಿದೆ. ಇಲ್ಲದ ನೆಲಕ್ಕೆ 140 ಮೀಟರ್ ಪೈಪು. ಬುಧವಾರ ಆರ್ಡರ್ ಹೋಗುತ್ತದೆ ಅಂತ ಬೇರೆ ಬರೆದಿದ್ದೀಯ.

ಪೈಪಿನ ಚಿಂತೆ ನನಗಿಲ್ಲ ಸುಮಾ. ಹೆಚ್ಚಾದ ಪೈಪು ಎಲ್ಲೋ ಬಿದ್ದಿರುತ್ತದೆ. ಯಾರಿಗೂ ಗೊತ್ತಾಗಿಲ್ಲ ಅನ್ನುವಾಗ ನಿನಗೆ ಎಲ್ಲೋ ಸಮಾಧಾನವೂ ಆಗಿದೆ. ಅದು ಅಕ್ಷರದಲ್ಲೇ ಕಾಣುತ್ತದೆ. ಆ ಸಮಾಧಾನ ನನಗೂ ಗೊತ್ತು.

ಹೋಟೆಲು, ರಾತ್ರಿ ಶಾಲೆಯ ಕತೆ ನೀನು ನೂರು ಸಲ ಕೇಳಿದ್ದೀಯ, ಬಿಡು. ಇದನ್ನು ಕೇಳಿಲ್ಲ. ಮುಂಬಯಿ ಫೋರ್ಟಿನ ಆಫೀಸಿನಲ್ಲಿ ನಕ್ಷೆ ಟ್ರೇಸಿಂಗಿಗೆ ಸೇರಿ ಎರಡು ವರ್ಷವಾಗಿತ್ತು, 1981ರ ಮಳೆಗಾಲ. ಸಮುದ್ರದ ಚಾರ್ಟಿನಲ್ಲಿ ಜೆಟ್ಟಿಯಿಂದ ಜೆಟ್ಟಿಗೆ ದೂರ ಅಳೆದು ಪಟ್ಟಿ ಮಾಡಲು ಕೊಟ್ಟರು. ಡಿವೈಡರ್ ಬಿಚ್ಚಿ ಎರಡು ಚುಕ್ಕೆಗೆ ಊರಿ, ಅದನ್ನು ಚಾರ್ಟಿನ ಪಕ್ಕದ ಅಂಚಿಗೆ ಒಯ್ಯಬೇಕು. ಅಲ್ಲಿ ಅಕ್ಷಾಂಶದ ಒಂದು ಮಿನಿಟು (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಅಂದರೆ ಒಂದು ಸಮುದ್ರ ಮೈಲಿ, 1,852 ಮೀಟರ್. ನಾನು ಕೆಳಗಿನ ಅಂಚಿಗೆ ಒಯ್ದೆ. ಅದು ಕೈಗೆ ಹತ್ತಿರ ಇತ್ತು, ಅಷ್ಟೇ ಕಾರಣ. ಅಲ್ಲಿರುವುದು ರೇಖಾಂಶದ ಮಿನಿಟು. ಮುಂಬಯಿಯ ನೇರಕ್ಕೆ ಅದು 1,750 ಮೀಟರ್ ಆಸುಪಾಸು. 40 ಮೈಲಿ ಇದ್ದದ್ದು 42 ದಾಟಿತು. ನಿನ್ನ ತಪ್ಪೇ ನೋಡು, ನಲವತ್ತು ವರ್ಷ ಮೊದಲು.

ಮೂರನೇ ದಿನ ಬೇರೆ ಗೆರೆ ಅಳೆಯುವಾಗ ಹೊಳೆಯಿತು. ಕೈ ತಣ್ಣಗಾಯಿತು. ಆಚೆ ಈಚೆ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಚಾರ್ಟ್ ಸುರುಳಿ ಸುತ್ತಿ ಒಳಗಿಟ್ಟೆ.

ಪಟ್ಟಿಯ ಕೆಳಗೆ 'ತಪಾಸಣೆ' ಅಂತ ರುಜು ಹಾಕಿದವರು ರತ್ನಾಗಿರಿ ಕಡೆಯ ಒಬ್ಬ ಹಿರಿಯರು. ಹುಡುಗ ಸರಿಯಾಗಿಯೇ ಮಾಡಿರುತ್ತಾನೆ ಅಂತ ಅಳೆಯದೆ ಹಾಕಿದ್ದರು. ಲಾಂಚಿನವನಿಗೆ ಮೈಲಿಗಿಷ್ಟು ಅಂತ ಬಾಡಿಗೆ. ಎರಡು ತಿಂಗಳು ಜಾಸ್ತಿ ಹೋಯಿತು, ಮೂರನೇ ತಿಂಗಳು ಲೆಕ್ಕ ಕೆದಕಿದರು. ರುಜು ಹಾಕಿದ ಆ ಹಿರಿಯರನ್ನು ಕ್ಯಾಬಿನ್ನಿಗೆ ಕರೆದರು. ಅರ್ಧ ಗಂಟೆ. ಆ ತಿಂಗಳು ಅವರ ಸಂಬಳದಲ್ಲಿ ಹಿಡಿದರು.

ನನ್ನನ್ನು ಅವರು ಏನೂ ಕೇಳಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಎಂದಿನ ಹಾಗೆ ಮುಚ್ಚಳದಲ್ಲಿ ಹುರುಳಿಹಿಟ್ಟಿನ ಪಿಠಲೆ ಹಾಕಿ ನನ್ನ ಕಡೆ ತಳ್ಳಿದರು. ಅವರು ನಿವೃತ್ತರಾಗುವ ತನಕ ದಿನಾ ತಳ್ಳುತ್ತಿದ್ದರು. ನಾನು ದಿನಾ ತಿಂದೆ. ಹೇಳುವುದಕ್ಕೆ ಬಾಯಿ ಬರಲಿಲ್ಲ. ಈಗ ಹೇಳೋಣ ಅಂದರೆ ಅವರಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ನಿನ್ನ ಹಾಳೆಯ ಕೆಳಗೆ ಯಾರ ರುಜು ಇದೆ?

ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿದೆ. ಆದರೂ ಲೆಕ್ಕ ಗೊತ್ತಿರುವುದರಿಂದ ಒಂದೆರಡು. ಉತ್ತರ-ದಕ್ಷಿಣ ಹೋಗುವ ತುಂಡುಗಳು ಸರಿಯಿವೆ, ಅವನ್ನು ಮುಟ್ಟಬೇಡ. ಓರೆ ಹೋಗುವುದಕ್ಕೆ ಉತ್ತರ-ದಕ್ಷಿಣದ್ದು, ಪೂರ್ವ-ಪಶ್ಚಿಮದ್ದು ಎರಡು ಪಾಲು ಬೇರೆ ಬೇರೆ ತೆಗೆದು ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆ. ಅಷ್ಟು ಸಣ್ಣ ದೂರಕ್ಕೆ ಇದು ಸಾಕು. ಮತ್ತೆ, ಎಕ್ಸೆಲ್‌ನಲ್ಲಿ ಕೊಸೈನಿಗೆ ಸುಮ್ನೆ 15.5 ಅಂತ ಹೊಡೆಯಬೇಡ. ಅದು ಡಿಗ್ರಿ ಅಲ್ಲ, ರೇಡಿಯನ್ ಅನ್ನುವ ಕೋನದ ಇನ್ನೊಂದು ಅಳತೆ ಅಂದುಕೊಳ್ಳುತ್ತದೆ. ಮೈನಸ್ 0.98 ಬರುತ್ತದೆ. ಬರಬೇಕಾದ್ದು 0.964. ಮೈನಸ್ ಗುರುತು ಅಳಿಸಿದರೆ ಸರಿ ಉತ್ತರದ ಹಾಗೇ ಕಾಣುತ್ತದೆ, ಹೆದರಿಕೆ ಅದರದ್ದೇ. ಮೊದಲು ಡಿಗ್ರಿಯನ್ನು ರೇಡಿಯನ್ ಮಾಡಿಕೋ. 15 ಡಿಗ್ರಿ 30 ಮಿನಿಟನ್ನು 15.30 ಅಂತ ಬರೆದಿಲ್ಲ ತಾನೆ? ಇಲ್ಲ ಬಿಡು, ನೀನು ಅಷ್ಟು ದಡ್ಡಿಯಲ್ಲ.

ಸಾಹೇಬರು ಬೈದರೆ ಬೈಯಲಿ. ಹೀಗೆ ಬರೆಯುವುದು ಸುಲಭ, ನಿಂತು ಬೈಸಿಕೊಳ್ಳುವವಳು ನೀನು. ಬೇಕಾದರೆ ನಾಳೆಯೇ ಮಾಂಡೋವಿ ಎಕ್ಸ್‌ಪ್ರೆಸ್ ಹಿಡಿದು ಮಡಗಾಂವಿಗೆ ಬರುತ್ತೇನೆ, ಆಫೀಸಿನ ಹೊರಗೆ ಚಹಾ ಅಂಗಡಿಯಲ್ಲಿ ಕೂತಿರುತ್ತೇನೆ. ಬೇಡ ಅಂದರೆ ಬೇಡ. ಈ ಪತ್ರವನ್ನು ಪಕ್ಕದ ಮನೆ ಹುಡುಗನ ಹತ್ತಿರ ಫೋಟೋ ತೆಗೆಸಿ ಈಗಲೇ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಅಂಚೆಗೆ ಹಾಕಿದರೆ ಬುಧವಾರ ಕಳೆದೇ ಹೋಗುತ್ತದೆ.

ಇಷ್ಟುದ್ದ ಏನು ಬರೆಯುತ್ತಿದ್ದೀರಿ ಅಂತ ದೊಡ್ಡಮ್ಮ ಆಗಲೇ ಎರಡು ಸಲ ಕೇಳಿದಳು. ಮಳೆ ವಿಷಯ ಅಂದಿದ್ದೇನೆ. ಪಿಠಲೆಯ ಕತೆ ಅವಳಿಗೂ ಗೊತ್ತಿಲ್ಲ.

ನಿನ್ನ
ದೊಡ್ಡಪ್ಪ