ಟ್ರಂಪ್ ಕಾರ್ಡಿನ ಗೆಳೆಯನಿಗೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಟಿವಿ ಕುಸ್ತಿಯ ಮಾತು ಬಂದಾಗ ನಕ್ಕೆಯಲ್ಲ, "ಎಲ್ಲಾ ಮೊದಲೇ ಮಾತಾಡಿಕೊಂಡು ಬಿದ್ದು ಏಳೋರು, ಅವರಲ್ಲಿ ಎಂಥ ಪೈಪೋಟಿ ಮಾರಾಯ" ಅಂತ. ನಿನ್ನ ಮಗ ಪಕ್ಕದಲ್ಲೇ ಇದ್ದ, ಹಾಗಾಗಿ ಸುಮ್ನಾದೆ. ಈಗ ಬರೆಯುತ್ತಿದ್ದೇನೆ.

ರಿಂಗಿನೊಳಗೆ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ಒಪ್ಪಿದೆ. ಆದರೆ ಒಂದು ಕುಸ್ತಿಯ ಫಲಿತಾಂಶ ಯಾರಿಗೂ ಗೊತ್ತಿರಲಿಲ್ಲ. ಅದು ನಡೆದದ್ದು ಅಮೆರಿಕದ ಎರಡು ಟಿವಿ ಚಾನೆಲ್‌ಗಳ ನಡುವೆ, ಸೋಮವಾರ ರಾತ್ರಿಗಳಲ್ಲಿ, 1995ರಿಂದ 2001ರವರೆಗೆ. ನಾವು ಕೊನೇ ಬೆಂಚಿನಲ್ಲಿ ಕುಸ್ತಿಗಾರರ ಚಿತ್ರದ ಟ್ರಂಪ್ ಕಾರ್ಡ್ ಆಡುತ್ತಿದ್ದ ಕಾಲ. ಎತ್ತರ, ತೂಕ, ಎದೆಯಳತೆ, ರ್‍ಯಾಂಕ್ ಎಲ್ಲಾ ಬಾಯಿಪಾಠವಾಗಿತ್ತು. ಸಂಬಳ ಎಷ್ಟು ಅನ್ನುವುದನ್ನು ಮಾತ್ರ ಆ ಕಾರ್ಡಿನಲ್ಲಿ ಹಾಕಿರಲಿಲ್ಲ.

ವಿನ್ಸ್ ಮೆಕ್‌ಮಹೊನ್ ನಿನಗೆ ಗೊತ್ತು. ಮೊದಲು ಒಬ್ಬೊಬ್ಬ ಮಾಲೀಕ ತನ್ನ ಊರುಗಳಲ್ಲಿ ಕುಸ್ತಿ ನಡೆಸಿಕೊಂಡು, ಇನ್ನೊಬ್ಬನ ಗಡಿ ದಾಟದೆ ಇರುತ್ತಿದ್ದ. 1982ರಲ್ಲಿ ಅಪ್ಪನಿಂದ ಕಂಪನಿ ಕೊಂಡ ವಿನ್ಸ್ ಎಲ್ಲರ ಗಡಿಯನ್ನೂ ದಾಟಿದ. ತೊಂಬತ್ತರ ಹೊತ್ತಿಗೆ ಅವನ ಡಬ್ಲ್ಯುಡಬ್ಲ್ಯುಎಫ್‌ಗೆ (ಈಗಿನ ಡಬ್ಲ್ಯುಡಬ್ಲ್ಯುಇ) ಎದುರು ನಿಲ್ಲುವ ತಾಕತ್ತಿದ್ದದ್ದು ಒಬ್ಬನಿಗೇ. ಅಟ್ಲಾಂಟಾದ ಟಿವಿ ಸಾಹುಕಾರ ಟೆಡ್ ಟರ್ನರ್. ಅವನ ಕುಸ್ತಿ ಕಂಪನಿಯ ಹೆಸರು ಡಬ್ಲ್ಯುಸಿಡಬ್ಲ್ಯು.

ವಿನ್ಸ್‌ನ ಟಿವಿ ಶೋ 'ರಾ' ಬರುವ ಸೋಮವಾರದ ಹೊತ್ತಿಗೇ ಟರ್ನರ್‌ನ ಮನುಷ್ಯ ಎರಿಕ್ ಬಿಶಾಫ್ 'ನೈಟ್ರೊ' ಅನ್ನುವ ಶೋ ಶುರುಮಾಡಿದ. 1995ರ ಸೆಪ್ಟೆಂಬರ್ 4. ಮೊದಲ ದಿನವೇ ಲೆಕ್ಸ್ ಲೂಗರ್ ನಡೆದು ಬಂದ. ಹಿಂದಿನ ರಾತ್ರಿ ಅವನು ವಿನ್ಸ್‌ನ ಶೋನಲ್ಲಿ ಕುಸ್ತಿ ಆಡಿದ್ದ! ಡಿಸೆಂಬರಿನಲ್ಲಿ ಮದೂಸಾ ಎಂಬ ಕುಸ್ತಿಗಾರ್ತಿ ವಿನ್ಸ್‌ನ ಕಂಪನಿಯ ಮಹಿಳಾ ಚಾಂಪಿಯನ್ ಬೆಲ್ಟನ್ನು ತಂದು, ನೈಟ್ರೊದ ಲೈವ್‌ನಲ್ಲೇ ಕಸದ ಬುಟ್ಟಿಗೆ ಹಾಕಿದಳು. ಈ ಬುಟ್ಟಿ ನೆನಪಿಟ್ಟುಕೋ.

ಅಸಲಿ ಜಗಳ ದುಡ್ಡಿನದು. ವಿನ್ಸ್ ಹತ್ತಿರ ಜನ ಎಷ್ಟು ಸೇರಿದರೋ ಅದರ ಮೇಲೆ ಸಂಪಾದನೆ. ಟರ್ನರ್ ಹತ್ತಿರ ಖಾತ್ರಿ ಸಂಬಳ, ಕೆಲಸದ ದಿನವೂ ಕಮ್ಮಿ. 1996ರಲ್ಲಿ ವಿನ್ಸ್‌ನ ಕುಸ್ತಿಗಾರರು ಸ್ಕಾಟ್ ಹಾಲ್, ಕೆವಿನ್ ನ್ಯಾಶ್ ಇಬ್ಬರೂ ಟರ್ನರ್ ಕಡೆ ಹೋದರು. ಮೊದಲೇ ಅಲ್ಲಿದ್ದ ಹಲ್ಕ್ ಹೋಗನ್ ಜುಲೈನಲ್ಲಿ ಅವರ ಜತೆ ಸೇರಿ ವಿಲನ್ ಆದ. ನಮ್ಮ ಹೋಗನ್ ವಿಲನ್! ನೋಡುಗರ ಲೆಕ್ಕದಲ್ಲಿ ನೈಟ್ರೊ 83 ವಾರ ಸತತವಾಗಿ ಗೆದ್ದಿತು. ವಿನ್ಸ್‌ಗೂ ಖಾತ್ರಿ ಸಂಬಳ ಕೊಡದೆ ಬೇರೆ ದಾರಿ ಇರಲಿಲ್ಲ.

ತನ್ನ ದೊಡ್ಡ ಕುಸ್ತಿಗಾರ ಬ್ರೆಟ್ ಹಾರ್ಟ್‌ನನ್ನು ಉಳಿಸಿಕೊಳ್ಳಲು ವಿನ್ಸ್ 20 ವರ್ಷದ ಕರಾರನ್ನೇ ಬರೆದುಕೊಟ್ಟ. ಅಷ್ಟು ದುಡ್ಡು ಹೊಂದಿಸಲಾಗದೆ ಮರುವರ್ಷವೇ ಹೋಗು ಅಂದ. ಹಾರ್ಟ್ ಹೊರಟಾಗ ಬೆಲ್ಟ್ ಅವನ ಬಳಿಯೇ ಇತ್ತು, ತನ್ನ ಕೆನಡಾದಲ್ಲೇ ಶಾನ್ ಮೈಕಲ್ಸ್‌ಗೆ ಸೋಲಲು ಅವನು ತಯಾರಿರಲಿಲ್ಲ. ವಿನ್ಸ್‌ಗೆ ಆ ಕಸದ ಬುಟ್ಟಿಯ ಭಯ. 1997ರ ನವೆಂಬರ್ 9, ಮಾಂಟ್ರಿಯಲ್‌ನಲ್ಲಿ ಹಾರ್ಟ್ ಸೋಲೊಪ್ಪದಿದ್ದರೂ ಗಂಟೆ ಹೊಡೆಸಿ ಮೈಕಲ್ಸ್ ಗೆದ್ದ ಅನ್ನಿಸಿದ. ಎಲ್ಲಾ ಮೊದಲೇ ಮಾತಾಡಿಕೊಂಡಿದ್ದು ಅಂದೆಯಲ್ಲ, ಆವತ್ತು ಮಾತು ಮುರಿದರು. ಜನ ವಿನ್ಸ್‌ಗೆ ಉಗಿದರು. ಪುಣ್ಯಾತ್ಮ ಆ ಬೈಗುಳವನ್ನೇ ಬಂಡವಾಳ ಮಾಡಿಕೊಂಡ. ಟಿವಿಯಲ್ಲಿ ಕೆಟ್ಟ ಮಾಲೀಕನ ಪಾತ್ರ ಹಾಕಿ, ಎದುರಿಗೆ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್‌ನನ್ನು ನಿಲ್ಲಿಸಿದ. ತನ್ನ ಬಾಸ್‌ಗೆ ಎರಡು ಬಾರಿಸಬೇಕು ಅಂತ ಯಾರಿಗೆ ಅನ್ನಿಸಲ್ಲ ಹೇಳು? 1998ರ ಏಪ್ರಿಲ್‌ನಲ್ಲಿ ರಾ ಮತ್ತೆ ಮೇಲೆ ಬಂತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1999ರ ಜನವರಿ 4ರ ರಾತ್ರಿ. ಆವತ್ತಿನ ರಾ ಮೊದಲೇ ರೆಕಾರ್ಡ್ ಆಗಿತ್ತು. ಆಚೆಯ ಫಲಿತಾಂಶ ಮೊದಲೇ ಹೇಳಿ ಕೆಡಿಸುವುದು ನೈಟ್ರೊದವರ ಹಳೇ ಚಾಳಿ. ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆ, ಅವನನ್ನು ನೋಡಲು ಜನ ನುಗ್ಗಿ ಬರ್ತಾರೆ ಅಂತ ಕಾಮೆಂಟರಿಯಲ್ಲಿ ಕೊಂಕು ನುಡಿದರು. ದಪ್ಪಗೆ, ಕೆದರಿದ ಕೂದಲಿನ, ಹಲ್ಲು ಉದುರಿದ ಫೋಲಿ. ಮೈಮುರಿದುಕೊಂಡೇ ಮೇಲೆ ಬಂದವನು. ಕೇಳಿದ್ದೇ ತಡ, ಲಕ್ಷಾಂತರ ಜನ ರಿಮೋಟ್ ಒತ್ತಿ ಫೋಲಿ ಗೆಲ್ಲುವುದನ್ನು ನೋಡಲು ಹೋದರು. ಯಾರು ಗೆಲ್ಲುತ್ತಾರೆ ಅಂತ ಗೊತ್ತಿದ್ದೂ ಹೋದರು ಕಣೋ. ಇತ್ತ ನೈಟ್ರೊದಲ್ಲಿ ಹೋಗನ್ ಬೆರಳಿನಿಂದ ಎದೆಗೆ ತಿವಿದ, ನ್ಯಾಶ್ ಅಂಗಾತ ಬಿದ್ದ, ಅಷ್ಟಕ್ಕೇ ಬೆಲ್ಟ್ ಕೈ ಬದಲಾಯಿತು. ದುಡ್ಡು ಕೊಟ್ಟು ಬಂದಿದ್ದ ಜನ ಅಲ್ಲಿ ತುಂಬಿ ಕೂತಿದ್ದರು!

ಆಮೇಲೆ ಇಳಿಜಾರೇ. ಟರ್ನರ್‌ನ ಸಂಸ್ಥೆಯನ್ನು ಮೊದಲೇ ಕೊಂಡಿದ್ದ ಟೈಮ್ ವಾರ್ನರ್, ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ಜತೆ ಸೇರಿತು, ಹೊಸ ದೊರೆಗಳಿಗೆ ತಮ್ಮ ಚಾನೆಲ್‌ನಲ್ಲಿ ಕುಸ್ತಿ ಬೇಡವಾಯಿತು. 2001ರ ಮಾರ್ಚ್‌ನಲ್ಲಿ ವಿನ್ಸ್ ಎದುರಾಳಿಯನ್ನೇ ಕೊಂಡುಕೊಂಡ. ಮಾರ್ಚ್ 26ರಂದು ಕೊನೆಯ ನೈಟ್ರೊ. ಎರಡೂ ಚಾನೆಲ್‌ನಲ್ಲಿ ಅವನದೇ ಮುಖ.

ಗೆದ್ದವನಿಗೆ ಹಬ್ಬ. ಕುಸ್ತಿಯವರಿಗೆ? ಮುನಿಸಿಕೊಂಡು ಹೋಗಲು ಅಮೆರಿಕದಲ್ಲಿ ಅಷ್ಟು ದೊಡ್ಡ ಇನ್ನೊಂದು ಮನೆ ಉಳಿಯಲಿಲ್ಲ. ಕಾಗದದಲ್ಲಿ ಅವರು ನೌಕರರೂ ಅಲ್ಲ, ಬರೀ ಗುತ್ತಿಗೆಯವರು. ನೋಡುವವರಿಗೂ ಬೇಜಾರು ಹತ್ತಿತು, ರಾ ನೋಡುವವರು ಬರಬರುತ್ತಾ ಕಮ್ಮಿಯಾದರು.

ಇನ್ನೊಂದು ಮನೆ ಎದ್ದದ್ದು 2019ರಲ್ಲಿ, ಟೋನಿ ಖಾನ್‌ನ ಕುಸ್ತಿ ಕಂಪನಿ ಎಇಡಬ್ಲ್ಯು. ನಿನ್ನ ಮಗ ಹುಚ್ಚನಾಗಿರುವ ಕೋಡಿ ರೋಡ್ಸ್ ಅದನ್ನು ಕಟ್ಟಿದವರಲ್ಲಿ ಒಬ್ಬ. 2016ರಲ್ಲಿ ವಿನ್ಸ್‌ನ ಕಂಪನಿ ಬಿಟ್ಟಾಗ ಮುಖಕ್ಕೆ ಬಣ್ಣ ಬಳಿದುಕೊಂಡು ಸ್ಟಾರ್‌ಡಸ್ಟ್ ಅನ್ನುವ ಪಾತ್ರ ಮಾಡುತ್ತಿದ್ದ. 2022ರಲ್ಲಿ ಅದೇ ಕಂಪನಿಗೆ ವಾಪಸು ಬಂದ, ಈ ಸಲ ಸ್ವಂತ ಹೆಸರಿನಲ್ಲಿ. 2024ರಲ್ಲಿ ಅವರ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ ದೊಡ್ಡ ಬೆಲ್ಟ್ ಅವನ ಸೊಂಟಕ್ಕೆ ಬಂತು. ಮಗನಿಗೆ ಇದನ್ನು ಹೇಳು, ಆ ಬಣ್ಣದ ಮುಖದ ಫೋಟೋ ತೋರಿಸಿದರೆ ನಂಬಲಿಕ್ಕಿಲ್ಲ.

ಮತ್ತೆ, ಏಳನೇ ಕ್ಲಾಸಿನಲ್ಲಿ ನೀನು ಹೊಡೆದ ನನ್ನ ಅಂಡರ್‌ಟೇಕರ್ ಕಾರ್ಡ್ ಇನ್ನೂ ನಿನ್ನ ಹತ್ತಿರವೇ ಇದೆ. ಯುಗಾದಿಗೆ ಬರುವಾಗ ತಾ.

ನಿನ್ನ,
ಹಳೇ ಬೆಂಚ್‌ಮೇಟ್